ಹಳೇ ರೇಜರ್ ಜಾಮ್ ಆಗಿದ್ಯಾ? ಪಾಲಿಷ್ ಅಂಗಡಿಗೆ ಮಾತ್ರ ಕೊಡಬೇಡಿ

ಮನೆಯಲ್ಲಿ ಅಜ್ಜನ ಕಾಲದ ಜಿಲೆಟ್ ರೇಜರ್ ಇದ್ದು, ಅದರ ಬುಡದ ತಿರುಪು ಅಲ್ಲಾಡುತ್ತಿಲ್ಲ ಅಂದರೆ ದಯವಿಟ್ಟು ಪಾಲಿಷ್ ಅಂಗಡಿಗೆ ಕೊಡಬೇಡಿ. ಕಟಿಂಗ್ ಪ್ಲೇಯರ್ ಹಿಡಿದು ಬರುವ ಯಾರ ಕೈಗೂ ಕೊಡಬೇಡಿ. ನಮ್ಮ ಮನೆಯ ರೇಜರ್ ಹಾಳಾಗಿದ್ದೇ ಹೀಗೆ.

ನಾನು ಹೇಳುತ್ತಿರುವುದು ಬಟರ್‌ಫ್ಲೈ ಮಾದರಿಯ ಬಗ್ಗೆ. ಬುಡ ತಿರುಗಿಸಿದರೆ ಮೇಲೆ ಎರಡು ಬಾಗಿಲು ತೆರೆದುಕೊಳ್ಳುತ್ತವಲ್ಲ, ಅದು. ನಮ್ಮದು ಜಿಲೆಟ್‌ನ ‘ಸೂಪರ್ ಸ್ಪೀಡ್’ ಅನ್ನುವ ಮಾಡೆಲ್, ಅಮೆರಿಕದಲ್ಲಿ ತಯಾರಾದದ್ದು. ಹಡಗಿನ ಕೆಲಸದಲ್ಲಿದ್ದ ಅಜ್ಜನ ತಮ್ಮ ಅಣ್ಣನಿಗೊಂದು, ತನಗೊಂದು ಅಂತ ತಂದಿದ್ದರಂತೆ. ತಲೆಯ ಅಡಿಭಾಗದಲ್ಲಿ ‘ಎ 2’ ಅಂತ ಸಣ್ಣಗೆ ಒತ್ತಿದ್ದಾರೆ. ಅಕ್ಷರ ವರ್ಷಕ್ಕೆ, ಅಂಕಿ ಆ ವರ್ಷದ ಕಾಲುಭಾಗಕ್ಕೆ. ಅಂದರೆ 1955ರ ಏಪ್ರಿಲ್‌ನಿಂದ ಜೂನ್ ಒಳಗೆ ತಯಾರಾದ ಮಾಲು. ಒಳಗೆ ಹಿತ್ತಾಳೆ, ಮೇಲೆ ತೆಳ್ಳಗೆ ನಿಕಲ್ ಲೇಪ.

ಅಜ್ಜ ಹೋದ ಮೇಲೆ ಅದು ಬೀರುವಿನಲ್ಲೇ ಇತ್ತು. ತೆಗೆದು ನೋಡಿದರೆ ಬಾಗಿಲು ತೆರೆಯಲಿಲ್ಲ. ಪೇಟೆಯಲ್ಲಿ ಬೆಳ್ಳಿ, ಹಿತ್ತಾಳೆ ಸಾಮಾನಿಗೆ ಪಾಲಿಷ್ ಹಾಕುವ ಅಂಗಡಿಯೊಂದಿದೆ. ಹೆಸರು ಬೇಡ ಬಿಡಿ. ‘ಹೊಳಪು ಬೇಡ, ಬರೀ ತಿರುಪು ಬಿಡಿಸಿಕೊಡಿ’ ಅಂತ ಒತ್ತಿ ಹೇಳಿದ್ದೆ. ‘ಬಿಡಿ ಸಾರ್, ಹೊಸದರ ಥರ ಮಾಡಿಕೊಡ್ತೀವಿ’ ಅಂದರು. ಆ ಮಾತಿಗೇ ಎಚ್ಚರವಾಗಬೇಕು ನೋಡಿ.

ವಾಪಸ್ ಬಂದಾಗ ರೇಜರ್ ಫಳಫಳ ಹೊಳೆಯುತ್ತಿತ್ತು, ಬಾಗಿಲೂ ತೆರೆಯುತ್ತಿತ್ತು. ಬಿಸಿಲಿಗೆ ಹಿಡಿದಾಗ ಗೊತ್ತಾಯಿತು. ತಿರುಪಿನ ಸುತ್ತ ಪ್ಲೇಯರ್ ಹಲ್ಲು ಕಚ್ಚಿದ ಗುರುತು, ಎರಡು ಸಾಲು. ಬಾಗಿಲಿನ ಅಂಚಿನಲ್ಲಿ ನಿಕಲ್ ಹೋಗಿ ಹಳದಿ ಹಿತ್ತಾಳೆ ಇಣುಕುತ್ತಿತ್ತು. ಅಲ್ಲಲ್ಲಿ ಗುಲಾಬಿ ಬಣ್ಣದ ಕಲೆ ಬೇರೆ. ಕೇಳಿದರೆ, ‘ಆ್ಯಸಿಡ್‌ಗೆ ಅದ್ದಿ, ಮಿಷನ್ ಚಕ್ರಕ್ಕೆ ಹಿಡಿದು ಬಫ್ ಮಾಡಿದ್ವಿ’ ಅಂತ ಕೆಲಸದ ಹುಡುಗ ನಿಜ ಹೇಳಿದ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಆ್ಯಸಿಡ್ ಮೊದಲು ಸತುವನ್ನು ತಿನ್ನುತ್ತದೆ, ಉಳಿದ ತಾಮ್ರ ಗುಲಾಬಿಯಾಗಿ ಕಾಣುತ್ತದೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆಯಿತ್ತು. ಬ್ಲೇಡ್ ಹಾಕಿ ಮುಚ್ಚಿದರೆ ಒಂದು ಬಾಗಿಲು ಪೂರ್ತಿ ಕೂರುವುದಿಲ್ಲ. ಒಂದು ಕಡೆ ಬ್ಲೇಡಿನ ಅಂಚು ಜಾಸ್ತಿ ಹೊರಗೆ, ಇನ್ನೊಂದು ಕಡೆ ಕಾಣುವುದೇ ಇಲ್ಲ. ಬಲ ಹಾಕಿ ತಿರುಚಿದಾಗ ಬಾಗಿಲು ಬಾಗಿದೆ. ಬಾಗಿಲಿನ ಕೀಲುಗಳನ್ನು ಕಾರ್ಖಾನೆಯಲ್ಲೇ ಒತ್ತಿ ಕೂರಿಸಿರುತ್ತಾರೆ, ಮನೆಯಲ್ಲಿ ಬಿಚ್ಚಿ ಜೋಡಿಸಲು ಅದು ಮಿಕ್ಸಿ ಜಾರ್ ಅಲ್ಲ. ಅಂಗಡಿಯವರು ಏನಂದರು ಗೊತ್ತಾ? ‘ಹಳೇ ಮಾಲಿಗೆ ಗ್ಯಾರಂಟಿ ಇಲ್ಲ ಸಾರ್.’ ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡರು.

ಹೊಟ್ಟೆ ಉರಿಯುವುದು ಯಾಕೆಂದರೆ, ಅದರ ಜೋಡಿ ರೇಜರ್ ಚಿಕ್ಕಜ್ಜನ ಮನೆಯಲ್ಲಿದೆ. ಅದೂ ಹೀಗೇ ಜಾಮ್ ಆಗಿತ್ತು. ಚಿಕ್ಕಪ್ಪ ಒಂದು ಪೈಸೆ ಖರ್ಚಿಲ್ಲದೆ ಬಿಡಿಸಿದರು.

ಜಾಮ್ ಆಗುವುದು ಸಾಮಾನ್ಯವಾಗಿ ತುಕ್ಕಿನಿಂದಲ್ಲ, ಸೋಪಿನಿಂದ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ. ಅದು ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಬಿಳಿ ಕಿಟ್ಟವಾಗುತ್ತದೆ. ಬಚ್ಚಲ ಬಕೆಟ್ಟಿನ ಒಳಗೆ ಅಂಟಿರುತ್ತಲ್ಲ, ಅದೇ. ಹಿಡಿಯೊಳಗಿನ ತಿರುಪಿನ ಸುತ್ತುಗಳಲ್ಲಿ, ಬಾಗಿಲಿನ ಕೀಲುಗಳಲ್ಲಿ ಕೂತು ವರ್ಷಗಟ್ಟಲೆ ಒಣಗಿ ಗಟ್ಟಿಯಾಗಿರುತ್ತದೆ. ಅದನ್ನು ಮೆತ್ತಗೆ ಮಾಡಬೇಕೇ ಹೊರತು ಮುರಿಯಬಾರದು.

ಚಿಕ್ಕಪ್ಪ ಮಾಡಿದ್ದು ಇಷ್ಟೇ. ಕೈ ತಾಳುವಷ್ಟು ಬಿಸಿ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ ರೇಜರ್ ಮುಳುಗಿಸಿಟ್ಟರು. ನೀರು ಆರಿದಾಗಲೆಲ್ಲ ಬದಲಿಸಿದರು. ಹಳೇ ಮೆತ್ತನೆ ಟೂತ್ ಬ್ರಷ್‌ನಲ್ಲಿ ಕೀಲುಗಳನ್ನು ಉಜ್ಜಿದರು. ಮಾರನೇ ದಿನ ಒರೆಸಿ, ಹೊಲಿಗೆ ಮಿಷನ್ ಎಣ್ಣೆ ಒಂದೊಂದೇ ಹನಿ ಬಿಟ್ಟರು. ರಬ್ಬರ್ ಗ್ಲೌಸ್ ಹಾಕಿ ಬರೀ ಬೆರಳಿನಿಂದ ಆಚೆ ಸ್ವಲ್ಪ, ಈಚೆ ಸ್ವಲ್ಪ ಆಡಿಸಿದರು. ಬಿಡಲಿಲ್ಲ ಅಂದರೆ ಮತ್ತೆ ನೀರಿಗೆ. ಕೊನೆಗೆ ಬೂದು ಬಣ್ಣದ ಗಸಿ ಹೊರಬಂದು ತಿರುಪು ಸಲೀಸಾಯಿತು. ಒಳಗೆ ತುಕ್ಕು ಹಿಡಿದ ಹಳೇ ಬ್ಲೇಡ್ ಇತ್ತಂತೆ. ನೀವೂ ಬಾಗಿಲು ತೆರೆಯುವಾಗ ಬೆರಳು ಜೋಪಾನ.

ಕೊಬ್ಬರಿ ಎಣ್ಣೆ ಬೇಡ. ಚಳಿಗಾಲದಲ್ಲಿ ಅದೇ ಗಟ್ಟಿಯಾಗುತ್ತದೆ. ಇನ್ನು ಮನೆಯ ಹಿರಿಯರು ಖಂಡಿತ ಹೇಳುವುದು ಹುಣಸೆಹುಳಿ. ದೇವರ ದೀಪಕ್ಕೆ ಸರಿ, ಲೇಪ ಇರುವ ರೇಜರಿಗೆ ಬೇಡ. ಲೇಪ ಸವೆದ ಕಡೆ ಹುಳಿ ನೇರ ಹಿತ್ತಾಳೆಗೇ ಇಳಿಯುತ್ತದೆ. ವಿನಿಗರ್, ನಿಂಬೆಹಣ್ಣಿನದೂ ಅದೇ ಕಥೆ. ಕುದಿಯುವ ನೀರಿಗೂ ಹಾಕಬೇಡಿ. ತುದಿಗೆ ಕೆಂಪು, ನೀಲಿ ಬಣ್ಣ ಬಳಿದ ಸೂಪರ್ ಸ್ಪೀಡ್‌ಗಳಿವೆ, ಆ ಬಣ್ಣ ಎದ್ದು ಬರಬಹುದು. ಚಿನ್ನದ ಲೇಪದ್ದಾದರೆ ಟೂತ್‌ಪೇಸ್ಟ್‌ನಲ್ಲಿ ಉಜ್ಜಲೇಬೇಡಿ, ಆ ಲೇಪ ತುಂಬಾ ತೆಳು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಒಂದು ಮಾತು. ಹೀಗೆ ‘ಬಿಡಿಸಿದ’ ರೇಜರ್‌ಗಳೇ ಪಾಲಿಷ್ ಆಗಿ ಮಾರಾಟಕ್ಕೂ ಬರುತ್ತವೆ. ಹೊಳಪು ನೋಡಬೇಡಿ. ತಿರುಪಿನ ಹತ್ತಿರದ ಫೋಟೋ ಕೇಳಿ, ಹಲ್ಲಿನ ಗುರುತು ಇದೆಯಾ ನೋಡಿ. ಬ್ಲೇಡ್ ಹಾಕಿ ಮುಚ್ಚಿ, ಎರಡೂ ಬದಿಯಿಂದ ತೆಗೆದ ಫೋಟೋ ಕೇಳಿ. ಅಂಚು ಎರಡೂ ಕಡೆ ಒಂದೇ ಸಮ ಕಾಣಬೇಕು. ಫೋಟೋ ಕಳಿಸಲು ಹಿಂದೆ ಮುಂದೆ ನೋಡುವವರ ಹತ್ತಿರ ವ್ಯಾಪಾರವೇ ಬೇಡ.