ಬಿಎಲ್‌ಎಸ್, ಎಸಿಎಲ್‌ಎಸ್ ಕ್ಲಾಸಿಗೆ ಕೈಯಿಂದ ದುಡ್ಡು ಹಾಕಬಹುದಾ? ಒಬ್ಬ ಐಸಿಯು ನರ್ಸ್ ಲೆಕ್ಕ

ಬಿಎಲ್‌ಎಸ್ ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವ (ಸಿಪಿಆರ್) ಮೂಲ ತರಬೇತಿ, ಎಸಿಎಲ್‌ಎಸ್ ಅದಕ್ಕೆ ಔಷಧಿ, ತಂಡದ ಕೆಲಸ ಎಲ್ಲ ಸೇರಿದ ಮುಂದಿನ ಹಂತ. ಮೊದಲೇ ಹೇಳಿಬಿಡುತ್ತೇನೆ. ಐಸಿಯು, ಕ್ಯಾಶುವಾಲ್ಟಿ, ಓಟಿ, ಡಯಾಲಿಸಿಸ್ ಎಲ್ಲೇ ಡ್ಯೂಟಿ ಮಾಡುತ್ತಿದ್ದರೂ ಎಸಿಎಲ್‌ಎಸ್ ಮಾಡಿಕೊಳ್ಳಿ. ಆದರೆ ನಾನು ಹೋದ ಸೆಂಟರಿಗೇ ಹೋಗಿ ಅನ್ನಲಾರೆ. ಹಾಗಾಗಿ ಅದರ ಹೆಸರು ಹಾಕುತ್ತಿಲ್ಲ. ಐದಕ್ಕೆ ಕೋರ್ಸಿಗೆ ನಾಲ್ಕೂವರೆ, ಸೆಂಟರಿಗೆ ಎರಡೂವರೆ.

ನಾನು ಶಿವಮೊಗ್ಗದ ಕಡೆಯವಳು, ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ಜಿಎನ್‌ಎಂ ಮುಗಿಸಿ, ಕೆಲಸ ಮಾಡುತ್ತಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಂಡೆ. ನಮ್ಮಲ್ಲಿ ಎನ್‌ಎಬಿಎಚ್ (ಆಸ್ಪತ್ರೆಯ ಗುಣಮಟ್ಟದ ಮಾನ್ಯತೆ) ತಯಾರಿ ಶುರುವಾದಾಗ ಪ್ರತಿಯೊಬ್ಬರ ಫೈಲಿನಲ್ಲೂ ಸಿಪಿಆರ್ ತರಬೇತಿಯ ದಾಖಲೆ ಬೇಕು ಅಂತ ಗಡಿಬಿಡಿ ಎದ್ದಿತು. ಆಡಿಟೋರಿಯಂನಲ್ಲಿ ಒಂದು ಗಂಟೆಯ ಸ್ಲೈಡು ತೋರಿಸಿ, ಸಹಿ ಹಾಕಿಸಿಕೊಂಡು ಕಳಿಸಿದರು. ಇದನ್ನು ತರಬೇತಿ ಅಂತ ಕರೆಯೋದಕ್ಕೆ ನನಗೆ ಮನಸ್ಸು ಬರಲಿಲ್ಲ. ಬೆಂಗಳೂರಿಗೆ ಹೋಗಿ ಸರಿಯಾದ ಕೋರ್ಸ್ ಮಾಡುತ್ತೇನೆ ಅಂದೆ. "ರಜೆ ಕೊಡ್ತೀವಮ್ಮ, ದುಡ್ಡು ನೀವೇ ನೋಡ್ಕೊಳ್ಳಿ" ಅಂದರು. ಫೀಸು, ಪುಸ್ತಕ, ಪಿಜಿ ರೂಮು, ಬಸ್ಸು ಎಲ್ಲ ಸೇರಿ ಅರ್ಧ ತಿಂಗಳ ಸಂಬಳಕ್ಕಿಂತ ಜಾಸ್ತಿ ಹೋಯಿತು.

ಇದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕೋರ್ಸ್. ನಾನು ಹೋದಲ್ಲಿ ಮೊದಲ ದಿನ ಬಿಎಲ್‌ಎಸ್, ಆಮೇಲೆ ಎರಡು ದಿನ ಎಸಿಎಲ್‌ಎಸ್. ಕಾರ್ಡ್ ಎರಡು ವರ್ಷ ನಡೆಯುತ್ತದೆ. ಇಲ್ಲಿನದೇ ಬೇಕು ಅನ್ನುವವರಿಗೆ ಇಂಡಿಯನ್ ರೆಸಸಿಟೇಷನ್ ಕೌನ್ಸಿಲ್‌ನವರ ಸಿಸಿಎಲ್‌ಎಸ್ ಕೂಡ ಇದೆ. ನಾನು ಅದನ್ನು ಮಾಡಿಲ್ಲ, ಹಾಗಾಗಿ ಅದರ ಬಗ್ಗೆ ಬರೆಯುವುದಿಲ್ಲ.

ಬಿಎಲ್‌ಎಸ್ ನಮಗೆ ಗೊತ್ತಿರೋದೇ ಅಲ್ವಾ ಅಂತ ಅನೇಕರು ಹಗುರವಾಗಿ ಬಂದಿದ್ದರು. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಬಾರಿ, ಕಡಿಮೆ ಅಂದರೂ 5 ಸೆಂ.ಮೀ. ಆಳ, 6 ದಾಟಬಾರದು. ಬಾಯಲ್ಲಿ ಎಲ್ಲರೂ ಹೇಳುತ್ತಾರೆ. ಬೊಂಬೆಗೆ ಜೋಡಿಸಿದ ಮೀಟರ್ ಮುಂದೆ ಕೂತಾಗ ಕಥೆ ಬೇರೆ. ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರ ಆಳ ಸರಿ ಇತ್ತು, ಎದೆ ಪೂರ್ತಿ ಮೇಲೇಳಲು ಬಿಡುತ್ತಿರಲಿಲ್ಲ. ಒತ್ತಿದ ಮೇಲೂ ಮೈಭಾರ ಎದೆಯ ಮೇಲೇ ಉಳಿಯುತ್ತಿತ್ತು. ಎದೆ ಮೇಲೆ ಬರದಿದ್ದರೆ ಹೃದಯಕ್ಕೆ ರಕ್ತ ವಾಪಸ್ ಬರುವುದಿಲ್ಲ, ಮುಂದಿನ ಒತ್ತಿಗೆ ಹೊರಗೆ ಹೋಗಲು ಏನೂ ಇರುವುದಿಲ್ಲ. ಇದನ್ನು ಮೀಟರ್ ಹೇಳಬೇಕು, ಕಣ್ಣಿಗೆ ಕಾಣುವುದಿಲ್ಲ.

ಸೆಂಟರಿನ ಮೇಲೆ ನನ್ನ ಮೊದಲ ದೂರೂ ಇದೇ ಮೀಟರಿನದು. ಇಂಥ ಫೀಡ್‌ಬ್ಯಾಕ್ ಸಾಧನ ಇರಲೇಬೇಕು ಅನ್ನುವುದು 2019ರಿಂದ ಹಾರ್ಟ್ ಅಸೋಸಿಯೇಷನ್‌ನ ನಿಯಮ. ಅಲ್ಲಿದ್ದ ಬೊಂಬೆಗಳಲ್ಲಿ ಒಂದರದು ಮಾತ್ರ ಕೆಲಸ ಮಾಡುತ್ತಿತ್ತು. ಉಳಿದವುಗಳ ಬ್ಯಾಟರಿ "ತರಿಸ್ತಾ ಇದ್ದೀವಿ". ಮೂರನೇ ದಿನದವರೆಗೂ ತರಿಸುತ್ತಲೇ ಇದ್ದರು. ಆ ಒಂದು ಬೊಂಬೆಗೆ ಕ್ಯೂ, ರೇಷನ್ ಅಂಗಡಿ ಮುಂದೆ ನಿಂತ ಹಾಗೆ.

ಎರಡನೆಯದು, ಬೊಂಬೆಗಳೆಲ್ಲ ನೆಲದ ಮೇಲೆ. ನಮ್ಮ ರೋಗಿ ಇರುವುದು ಏರ್ ಬೆಡ್ ಮೇಲೆ, ಎತ್ತರದ ಕಾಟಿನಲ್ಲಿ. ಗಾಳಿ ಬೇಗ ಇಳಿಸುವ ಸಿಪಿಆರ್ ವಾಲ್ವ್ ಎಲ್ಲಿದೆ, ಬೆನ್ನ ಕೆಳಗೆ ಹಲಗೆ ಯಾವಾಗ ಹಾಕಬೇಕು, ನನ್ನಂಥ ಐದಡಿಯವರು ಸ್ಟೂಲ್ ಎಲ್ಲಿಡಬೇಕು? ಯಾರೂ ಹೇಳಲಿಲ್ಲ. ಕೇಳಿದ ಮೇಲೆ ಹೇಳಿದರು, ಅದು ನಿಜ.

ಎಸಿಎಲ್‌ಎಸ್‌ಗೆ ಮನೆಯಲ್ಲೇ ಓದಿಕೊಂಡು ಹೋಗಬೇಕು. ಮೊದಲೇ ಆನ್‌ಲೈನ್‌ನಲ್ಲಿ ಒಂದು ಪರೀಕ್ಷೆ, 70 ಪರ್ಸೆಂಟ್ ಬರಬೇಕು. ಎಷ್ಟು ಸಲ ಬೇಕಾದರೂ ಬರೆಯಬಹುದು ಅಂತ ಕೆಲವರು ಸುಮ್ನೆ ಕ್ಲಿಕ್ ಮಾಡಿ ಪಾಸಾಗಿ ಬಂದಿದ್ದರು. ಅವರಿಗೆ ಎರಡು ದಿನವೂ ಕಷ್ಟವಾಯಿತು. ಇಸಿಜಿ ಗೊತ್ತಿಲ್ಲದಿದ್ದರೆ ಇಲ್ಲಿ ಕಲಿಸುವುದಿಲ್ಲ, ಗೊತ್ತಿದೆ ಅಂತಲೇ ಮುಂದೆ ಹೋಗುತ್ತಾರೆ. ವಿಎಫ್ (ಹೃದಯ ಬರೀ ನಡುಗುವುದು), ಪಲ್ಸ್ ಇಲ್ಲದ ವಿಟಿಗೆ (ಅತಿ ವೇಗದ ಲಯ) ಶಾಕ್. ಅಸಿಸ್ಟೊಲ್ (ನೇರ ಗೆರೆ), ಪಿಇಎಗೆ (ಗೆರೆಯಲ್ಲಿ ಲಯ ಇದ್ದರೂ ಪಲ್ಸ್ ಇಲ್ಲ) ಶಾಕ್ ಇಲ್ಲ. ಇಷ್ಟಾದರೂ ಸ್ಟ್ರಿಪ್ ನೋಡಿದ ತಕ್ಷಣ ಬರಬೇಕು.

ಅಡ್ರಿನಲಿನ್ 1 ಮಿ.ಗ್ರಾಂ ಮೂರರಿಂದ ಐದು ನಿಮಿಷಕ್ಕೊಮ್ಮೆ, ಲಯ ಸರಿಪಡಿಸುವ ಅಮಿಯೋಡರೋನ್ ಮೊದಲು 300 ಮಿ.ಗ್ರಾಂ, ಆಮೇಲೆ 150. ಪುಸ್ತಕದಲ್ಲಿ ಹೀಗಿದೆ. ನಮ್ಮ ತುರ್ತು ಔಷಧಿ ಗಾಡಿ ಕ್ರ್ಯಾಶ್ ಕಾರ್ಟ್‌ನಲ್ಲಿರುವ ಅಮಿಯೋಡರೋನ್ ಆಂಪ್ಯೂಲ್ 150ರದು, ಅಂದರೆ ಮೊದಲ ಡೋಸಿಗೆ ಎರಡು ಒಡೆಯಬೇಕು. ಕೊಟ್ಟ ಮೇಲೆ 20 ಮಿ.ಲೀ. ಸಲೈನ್ ತಳ್ಳಿ ಕೈ ಎತ್ತಿ ಹಿಡಿಯಬೇಕು. ಅಟ್ರೋಪಿನ್ 0.5 ಅಂತ ಕಲಿತವರು ಗಮನಿಸಿ: ಹೃದಯದ ಬಡಿತ ತೀರಾ ನಿಧಾನವಾಗಿ ರೋಗಿ ಕೆಡುತ್ತಿದ್ದರೆ, 2020ರ ಮಾರ್ಗಸೂಚಿಯಿಂದ ಮೊದಲ ಡೋಸೇ 1 ಮಿ.ಗ್ರಾಂ. ನಮ್ಮ ಐಸಿಯು ಗೋಡೆಯ ಚಾರ್ಟಿನಲ್ಲಿ ಇನ್ನೂ ಹಳೆಯದೇ ಇತ್ತು. ವಾಪಸ್ ಬಂದ ವಾರವೇ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ ತೆಗೆಸಿದೆ.

ಈಗ ದುಡ್ಡು ವಸೂಲಾದ ಜಾಗಕ್ಕೆ ಬರುತ್ತೇನೆ. ಮೆಗಾಕೋಡ್. ಒಂದು ಕೇಸ್ ಕೊಡುತ್ತಾರೆ, ತಂಡದಲ್ಲಿ ಒಬ್ಬರು ಲೀಡರ್, ಒಬ್ಬರು ಎದೆ ಒತ್ತುವುದು, ಒಬ್ಬರು ಉಸಿರು ತುಂಬುವ ಅಂಬು ಚೀಲ, ಒಬ್ಬರು ಶಾಕ್ ಕೊಡುವ ಡೀಫಿಬ್, ಒಬ್ಬರು ಔಷಧಿ, ಒಬ್ಬರು ಟೈಮ್ ನೋಡಿ ಬರೆಯುವುದು. ಎಲ್ಲರೂ ಸರದಿಯಲ್ಲಿ ಲೀಡರ್ ಆಗಲೇಬೇಕು. ಎಸಿಎಲ್‌ಎಸ್‌ನ ಮೊದಲ ದಿನ ಇನ್‌ಸ್ಟ್ರಕ್ಟರ್ ಡಾಕ್ಟರು ಪಿಜಿ ಡಾಕ್ಟರ್‌ಗಳನ್ನೇ ಕರೆದು ನಿಲ್ಲಿಸುತ್ತಿದ್ದರು, ಸಿಸ್ಟರುಗಳೆಲ್ಲ ಅಭ್ಯಾಸಬಲದಿಂದ ಔಷಧಿ ಟ್ರೇ ಹತ್ತಿರ. ಚಿಕ್ಕಮಗಳೂರಿನ ಒಬ್ಬ ಬ್ರದರ್ ಎದ್ದು "ಸರ್, ನಾವೂ ಅಷ್ಟೇ ಫೀಸು ಕಟ್ಟಿದ್ದೀವಿ" ಅಂದರು. ಒಳ್ಳೆಯದಾಯಿತು.

ನನ್ನ ಸರದಿಯಲ್ಲಿ ಎದೆ ಒತ್ತುತ್ತಿದ್ದವರು ಒಬ್ಬ ಯುವ ಡಾಕ್ಟರ್. ಒಂದೂವರೆ ನಿಮಿಷಕ್ಕೆ ಸುಸ್ತಾಗಿ ವೇಗ ಇಳಿಯಿತು. ಆಸ್ಪತ್ರೆಯಲ್ಲಾದರೆ ನಾವು ಹೇಳುತ್ತೇವಾ? ಅವರಿಗೇ ತಿಳಿಯಲಿ ಅಂತ ಕಾಯುತ್ತೇವೆ. ಇಲ್ಲಿ ಹೇಳದಿದ್ದರೆ ನನ್ನ ಮಾರ್ಕ್ಸ್ ಹೋಗುತ್ತದೆ. "ಡಾಕ್ಟ್ರೇ, ನಿಧಾನ ಆಗ್ತಿದೆ, ಬದಲಾಯಿಸಿ" ಅಂದೆ. ಅವರು "ಬದಲಾಯಿಸ್ತಿದ್ದೀನಿ" ಅಂತ ತಿರುಗಿ ಹೇಳಬೇಕು, ಹೇಳಿದರು. ಹೇಳಿದ್ದನ್ನು ಕೇಳಿದವರು ತಿರುಗಿ ಹೇಳುವುದು ಇಲ್ಲಿನ ನಿಯಮ. ಮೊದಲು ನಾಟಕದ ಡೈಲಾಗಿನಂತೆ ಅನಿಸುತ್ತದೆ. ಆದರೆ "ಅಡ್ರಿನಲಿನ್ ಕೊಟ್ರಾ?" ಅಂತ ಮೂರು ಜನ ಒಟ್ಟಿಗೆ ಕೂಗುವ ನಮ್ಮ ಕೋಡ್ ಬ್ಲೂ (ಹೃದಯ ನಿಂತ ರೋಗಿಗೆ ಎಲ್ಲರೂ ಓಡಿ ಬರುವ ಕರೆ) ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಬರೆಯುವವರು ಒಬ್ಬರು ಅಂತಲೇ ನಮ್ಮಲ್ಲಿ ಇರಲಿಲ್ಲ. ಎಲ್ಲ ಮುಗಿದ ಮೇಲೆ ನೆನಪಿನಿಂದ ಫೈಲ್ ತುಂಬುತ್ತಿದ್ದೆವು. ಈಗ ಕಾರ್ಟಿಗೆ ಒಂದು ಹಾಳೆ ಕಟ್ಟಿದ್ದೇವೆ, ಪಕ್ಕದಲ್ಲಿ ಗಡಿಯಾರ.

ಆರು ಜನರ ತಂಡ ಅನ್ನುವುದೇ ನಮ್ಮ ಊರಿನ ಆಸ್ಪತ್ರೆಗೆ ಸರಿಹೊಂದದ ಮಾತು. ನೈಟ್ ಡ್ಯೂಟಿಯಲ್ಲಿ ನಾವಿಬ್ಬರು ಸಿಸ್ಟರುಗಳು, ಡ್ಯೂಟಿ ಡಾಕ್ಟರು ಕೆಳಗೆ ಕ್ಯಾಶುವಾಲ್ಟಿಯಲ್ಲಿ. ಇದಕ್ಕೆ ಸ್ಲೈಡಿನಲ್ಲಿ ಉತ್ತರ ಇಲ್ಲ. ಊಟದ ಹೊತ್ತಿನಲ್ಲಿ ಅಲ್ಲಿನ ಹಿರಿಯ ನರ್ಸಿಂಗ್ ಇನ್‌ಸ್ಟ್ರಕ್ಟರ್ ಒಬ್ಬರು ನನ್ನನ್ನು ಕೂರಿಸಿಕೊಂಡು ಕನ್ನಡದಲ್ಲೇ ಬಿಡಿಸಿ ಹೇಳಿದರು. "ಸಹಾಯಕ್ಕೆ ಕೂಗಿ ಒಬ್ಬಳು ಒತ್ತಕ್ಕೆ ಶುರು ಮಾಡು. ಇನ್ನೊಬ್ಬಳು ಡೀಫಿಬ್ ತರಲಿ, ಔಷಧಿ ಹುಡುಕ್ತಾ ನಿಲ್ಲಬಾರದು. ಗಂಟಲಿಗೆ ಹಾಕೋ ಟ್ಯೂಬ್ ಚಿಂತೆ ಬಿಡು, ಮಾಸ್ಕಲ್ಲೇ 30 ಒತ್ತಿಗೆ 2 ಉಸಿರು ಕೊಡಿ. ಎರಡು ನಿಮಿಷಕ್ಕೆ ಅದಲು ಬದಲು." ಮೂರು ದಿನದಲ್ಲಿ ನನಗೆ ಹೆಚ್ಚು ಉಪಯೋಗ ಆಗಿದ್ದು ಈ ಹತ್ತು ನಿಮಿಷ. ಉಳಿದ ಕ್ಲಾಸೆಲ್ಲ ಓಡುವ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೂ ಇಂಗ್ಲಿಷಿನಲ್ಲೇ ಉತ್ತರ. ಬೆಂಗಳೂರಿನಲ್ಲಿ ನಡೆಯುವ ಕ್ಲಾಸು, ಮುಕ್ಕಾಲು ಪಾಲು ಹಳ್ಳಿ ಕಡೆಯಿಂದ ಬಂದ ನರ್ಸುಗಳು, ಇದು ಯಾಕೋ ಸರಿ ಕಾಣಲಿಲ್ಲ.

ಡೀಫಿಬ್ ಬಗ್ಗೆ ಒಂದು ಮಾತು. ಅಲ್ಲಿ ಅಂಟಿಸುವ ಪ್ಯಾಡ್ ಮಾತ್ರ ತೋರಿಸುತ್ತಾರೆ. ನಮ್ಮಲ್ಲಿರುವುದು ಪ್ಯಾಡಲ್, ಜೆಲ್ ಹಚ್ಚಿ ಒತ್ತಿ ಹಿಡಿಯುವಂಥದ್ದು. ಸಿಂಕ್ (ಬಡಿತಕ್ಕೆ ಹೊಂದಿಸಿ ಶಾಕ್ ಬಿಡುವ ಗುಂಡಿ) ಹಾಕಿ ಒಂದು ಶಾಕ್ ಕೊಟ್ಟ ಮೇಲೆ ಅನೇಕ ಮೆಷಿನ್‌ಗಳಲ್ಲಿ ಸಿಂಕ್ ತಾನಾಗಿ ಆಫ್ ಆಗುತ್ತದೆ, ಮತ್ತೆ ಒತ್ತಬೇಕು. ನಿಮ್ಮ ಮೆಷಿನ್ ಹೇಗೆ ಅಂತ ಕೋರ್ಸಿನಿಂದ ಬಂದ ಮೇಲೆ ನಿಮ್ಮ ವಾರ್ಡಿನಲ್ಲೇ ನೋಡಿಕೊಳ್ಳಿ.

ಬರವಣಿಗೆ ಪರೀಕ್ಷೆಯಲ್ಲಿ 84 ಪರ್ಸೆಂಟ್ ಬೇಕು. ಪುಸ್ತಕ ನೋಡಿ ಬರೆಯಬಹುದು, ಆದರೆ ಓದದವರಿಗೆ ಪುಟ ಸಿಗುವುದಿಲ್ಲ. ಊಟ ಚೆನ್ನಾಗಿತ್ತು. ಎಸಿ ತುಂಬಾ ಜಾಸ್ತಿ, ಸ್ವೆಟರ್ ಒಯ್ಯಿರಿ.

ಕಾರ್ಡ್ ಇಮೇಲಿಗೆ ಬರುತ್ತದೆ, ಅದರ ಮೇಲಿನ ಕೋಡ್ ಹಾಕಿ ಅಸೋಸಿಯೇಷನ್‌ನ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. "ಕ್ಲಾಸಿಗೆ ಬರೋದೇ ಬೇಡ, ಕಾರ್ಡ್ ಮನೆಗೇ" ಅನ್ನುವ ಏಜೆಂಟರ ಮೆಸೇಜ್ ನಮ್ಮ ನರ್ಸಸ್ ಗ್ರೂಪುಗಳಲ್ಲಿ ಆಗಾಗ ಬರುತ್ತದೆ. ಗಲ್ಫಿಗೆ ಹೋಗುವ ಆತುರದಲ್ಲಿ ಅದಕ್ಕೆ ದುಡ್ಡು ಕಟ್ಟಬೇಡಿ.

ರಿಜಿಸ್ಟ್ರೇಷನ್ ನವೀಕರಣಕ್ಕೆ ಐದು ವರ್ಷದಲ್ಲಿ 150 ಗಂಟೆ ಸಿಎನ್‌ಇ (ನಿರಂತರ ನರ್ಸಿಂಗ್ ಶಿಕ್ಷಣ) ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುತ್ತದೆ. ಈ ಕೋರ್ಸಿನ ಗಂಟೆಗಳು ಅದಕ್ಕೆ ಸೇರುತ್ತವೆ ಅಂತ ಸೆಂಟರಿನವರು ಬಾಯಲ್ಲಿ ಹೇಳಿದರೆ ಸಾಲದು, ರಾಜ್ಯ ಕೌನ್ಸಿಲ್‌ನ ಅನುಮತಿ ಪತ್ರ ಕೇಳಿ. ನನಗೆ ತೋರಿಸಲಿಲ್ಲ. ಇನ್ನು ಕ್ರಿಟಿಕಲ್ ಕೇರ್ ಪೂರ್ತಿ ಕಲಿಯಬೇಕು ಅಂದರೆ ಕೌನ್ಸಿಲ್‌ನ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ವೆಂಟಿಲೇಟರ್, ಎಬಿಜಿ (ರಕ್ತದ ಅನಿಲ ಪರೀಕ್ಷೆ), ಸೆಪ್ಸಿಸ್ (ಸೋಂಕಿನಿಂದ ಅಂಗಗಳು ಕೆಡುವುದು) ಎಲ್ಲ ಅಲ್ಲಿ ಬರುತ್ತದೆ. ಎಸಿಎಲ್‌ಎಸ್ ಅದರ ಬದಲಿಗೆ ಅಲ್ಲ. ಒಂದು ವರ್ಷ ಸಂಬಳ ಬಿಟ್ಟು ಓದುವುದು ನಮ್ಮಲ್ಲಿ ಎಷ್ಟು ಜನಕ್ಕೆ ಆಗುತ್ತದೆ ಅನ್ನುವುದು ಬೇರೆ ಪ್ರಶ್ನೆ.

ದುಡ್ಡು ಕಟ್ಟುವ ಮೊದಲು ಫೋನಿನಲ್ಲಿ ಕೇಳಿ: ಒಂದು ಬೊಂಬೆಗೆ ಎಷ್ಟು ಜನ, ಮೀಟರ್ ಎಲ್ಲದರಲ್ಲೂ ಇದೆಯಾ, ಇನ್‌ಸ್ಟ್ರಕ್ಟರುಗಳಲ್ಲಿ ನರ್ಸ್ ಯಾರಾದರೂ ಇದ್ದಾರಾ. ಪುಸ್ತಕ ಯಾವುದು ಅಂತಲೂ ಕೇಳಿ, 2025ರ ಅಕ್ಟೋಬರ್‌ನಲ್ಲಿ ಹೊಸ ಮಾರ್ಗಸೂಚಿ ಬಂದಿದೆ. ನನ್ನ ಕಾರ್ಡ್ ಮುಗಿದಾಗ ನಾನು ಬೇರೆ ಸೆಂಟರಿಗೆ ಹೋಗುತ್ತೇನೆ. ಮಂಗಳೂರು, ಹುಬ್ಬಳ್ಳಿ ಕಡೆ ಮಾಡಿದವರು ಇದ್ದರೆ ಅಲ್ಲಿ ಹೇಗಿತ್ತು ಅಂತ ತಿಳಿಸಿ.