ಪ್ರಾಗ್‌ನ ಬೀದಿಯಲ್ಲಿ ಯಾರಿಂದಲೂ ಹಣ ಬದಲಿಸಿಕೊಳ್ಳಬೇಡಿ

ಪ್ರಾಗ್‌ಗೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. 2023ರ ಮೇ ತಿಂಗಳಲ್ಲಿ ನಾವು ನಾಲ್ವರು ಗೆಳೆಯರು ಒಂದು ದಿನ ಕಾಲ್ನಡಿಗೆಯಲ್ಲೇ ಆ ಊರು ಸುತ್ತಿದೆವು. ಬೆಳಿಗ್ಗೆ ಹನ್ನೊಂದೂವರೆಗೆ ನಮ್ಮ 180 ಯೂರೋ, ಅಂದರೆ ಸುಮಾರು 16 ಸಾವಿರ ರೂಪಾಯಿ, ಕೈಬಿಟ್ಟು ಹೋಗಿತ್ತು. ನಮಗೆ ಅದು ಗೊತ್ತಾದದ್ದು ಮಧ್ಯಾಹ್ನ ಎರಡು ಗಂಟೆಗೆ.

ವಿಯೆನ್ನಾದಿಂದ ರೈಲಿನಲ್ಲಿ ಬಂದಿದ್ದೆವು. ಅಲ್ಲಿ ಯೂರೋ ನಡೆಯುತ್ತದೆ. ಜೆಕ್ ಗಣರಾಜ್ಯ 2004ರಿಂದ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಅದರ ಹಣ ಇಂದಿಗೂ ಕೊರುನಾ. ತಲಾ 50ರಂತೆ 200 ಯೂರೋ ಒಟ್ಟು ಮಾಡಿ ಎಲ್ಲರೂ ನನ್ನ ಕೈಗೆ ಕೊಟ್ಟಿದ್ದರು. ದಿನದ ಖರ್ಚಿನ ಜವಾಬ್ದಾರಿ ನನ್ನದಾಗಿತ್ತು.

ನಿಲ್ದಾಣದಿಂದ ವೆನ್ಸೆಸ್ಲಾಸ್ ಚೌಕಕ್ಕೆ ಇಳಿದು, ಹಳೆಯ ಪಟ್ಟಣದ ಚೌಕದತ್ತ ನಡೆಯುವಾಗ ಓಣಿಯೊಂದರಲ್ಲಿ ಹಣ ಬದಲಿಸುವ ಅಂಗಡಿ ಕಂಡಿತು. ಬಾಗಿಲ ಬಳಿಗೆ ಹೋಗುತ್ತಿದ್ದಂತೆ ಐವತ್ತರ ಆಸುಪಾಸಿನ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬರು ಹತ್ತಿರ ಬಂದರು. ಒಳಗೆ ಕಮಿಷನ್ ಹಿಡಿಯುತ್ತಾರೆ, ನಾನು ನಾಳೆ ಜರ್ಮನಿಗೆ ಹೋಗುವವನು, ನನಗೆ ಯೂರೋ ಬೇಕು, ಒಂದಕ್ಕೆ 26 ಕೊಡುತ್ತೇನೆ ಎಂದರು. ಬ್ಯಾಂಕಿನ ದರ ಆಗ 24ರ ಆಸುಪಾಸಿನಲ್ಲಿತ್ತು. ಮೊದಲು ಸಾವಿರ ಕೊರುನಾದ ಒಂದು ನೋಟನ್ನು ನನ್ನ ಕೈಗೇ ಕೊಟ್ಟು ಬೆಳಕಿಗೆ ಹಿಡಿದು ನೋಡಲು ಹೇಳಿದರು. ನೇರಳೆ ಬಣ್ಣ, ಗಡ್ಡದ ಮುದುಕರೊಬ್ಬರ ಚಿತ್ರ. ಅದು ಅಸಲಿ ಜೆಕ್ ನೋಟೇ. ಅದನ್ನು ಹಿಂದಕ್ಕೆ ತೆಗೆದುಕೊಂಡು ಕಟ್ಟನ್ನು ಎಣಿಸತೊಡಗಿದರು. ಅಷ್ಟರಲ್ಲಿ ಇನ್ನೊಬ್ಬ ಬಂದು ಅವರ ಕಿವಿಯಲ್ಲಿ ಏನೋ ಗಡಿಬಿಡಿಯಿಂದ ಹೇಳಿದ. ‘ಪೊಲೀಸ್’ ಎಂದಂತೆ ಕೇಳಿಸಿತು. ನೋಟುಗಳು ನನ್ನ ಕೈಗೆ ಬಂದವು, ಯೂರೋಗಳು ಅವರ ಕೈಗೆ ಹೋದವು, ಇಬ್ಬರೂ ಓಣಿಯ ತಿರುವಿನಲ್ಲಿ ಮರೆಯಾದರು. ಮೇಲಿದ್ದದ್ದು 200 ಕೊರುನಾದ ನೋಟು, ಅದರ ಕೆಳಗೆ ತಲಾ ಸಾವಿರದ ಐದು ನೋಟುಗಳು. ಒಟ್ಟು 5200. ಲೆಕ್ಕ ಸರಿಯಾಗಿಯೇ ಇತ್ತು.

ಅಲ್ಲಿಂದ 1410ರ ಖಗೋಳ ಗಡಿಯಾರದ ಮುಂದೆ ನಿಂತೆವು. ಹನ್ನೆರಡು ಹೊಡೆದು ಅಪೊಸ್ತಲರ ಬೊಂಬೆಗಳು ಕಿಟಕಿಯಲ್ಲಿ ಸಾಗುವಾಗ ಇಡೀ ಗುಂಪಿನ ಕತ್ತು ಮೇಲಕ್ಕಿರುತ್ತದೆ, ಜೇಬುಗಳ್ಳರಿಗೆ ಅದೇ ಹೊತ್ತು ಎಂದು ಓದಿಕೊಂಡಿದ್ದೆವು. ಅದಕ್ಕೇ ನಾಲ್ವರೂ ಚೀಲಗಳನ್ನು ಎದೆಗೆ ಅವಚಿ ಹಿಡಿದಿದ್ದೆವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಚಾರ್ಲ್ಸ್ ಸೇತುವೆಯ ಮೂವತ್ತು ಮೂರ್ತಿಗಳ ನಡುವೆ ನಿಧಾನವಾಗಿ ನಡೆದು, ನದಿಯಾಚೆಯ ಸಣ್ಣ ಕೆಫೆಯೊಂದರಲ್ಲಿ ಸೂಪು, ಕಾಫಿ ಕುಡಿದೆವು.

ಬಿಲ್ಲಿಗೆ ಸಾವಿರದ ನೋಟು ಕೊಟ್ಟೆ. ಗಲ್ಲೆಯಲ್ಲಿದ್ದ ಹೆಂಗಸು ಅದನ್ನು ಮೇಜಿನ ಮೇಲೆ ಅಂಗೈಯಿಂದ ನೀವಿ ಹರಡಿ, ಒಂದು ಪದದ ಮೇಲೆ ಬೆರಳಿಟ್ಟರು. ‘ಫೋರಿಂಟ್’ ಎಂದಿತ್ತು. ನೀಲಿ ನೋಟು, ಉದ್ದಗೂದಲಿನ ರಾಜನ ಚಿತ್ರ. ‘ಹಂಗೇರಿ’ ಎಂದು ಮೆಲ್ಲಗೆ ಹೇಳಿ ನನ್ನ ಮುಖ ನೋಡಿದರು. ಉಳಿದ ನಾಲ್ಕೂ ಅವೇ. ಸಾವಿರ ಕೊರುನಾ ಎಂದರೆ ನಲವತ್ತು ಯೂರೋಗೂ ಹೆಚ್ಚು. ಸಾವಿರ ಫೋರಿಂಟ್‌ಗೆ ಮೂರು ಯೂರೋ ಕೂಡ ಬರುವುದಿಲ್ಲ. ನೋಟು ಖೋಟಾ ಅಲ್ಲ, ದೇಶ ಬೇರೆ, ಅಷ್ಟೆ. ಈ ಮೋಸ ನಡೆಯುವುದೇ ಅದರಿಂದ. ಹೊಸಬರ ಕಣ್ಣಿಗೆ ಸೊನ್ನೆಗಳು ಮಾತ್ರ ಕಾಣುತ್ತವೆ. ಹಾಸನದ ಗೆಳೆಯ ಆ ದಿನ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಪೊಲೀಸ್ ಠಾಣೆಯಲ್ಲಿ ಸೌಜನ್ಯದಿಂದಲೇ ದೂರು ಬರೆದುಕೊಂಡರು. ಆದರೆ ಎರಡು ಗಂಟೆ ಅಲ್ಲೇ ಕಳೆಯಿತು, ಕೋಟೆಯನ್ನು ಕೆಳಗಿನಿಂದಲೇ ನೋಡಿ ರೈಲು ಹತ್ತಿದೆವು.

ಆಮೇಲೆ ತಿಳಿದುಕೊಂಡ ಒಂದು ಸಂಗತಿಯನ್ನು ಎಲ್ಲರೂ ಗಮನಿಸಬೇಕು. 2019ರ ಏಪ್ರಿಲ್‌ನಿಂದ ಜೆಕ್ ಕಾನೂನಿನ ಪ್ರಕಾರ, ಪರವಾನಗಿ ಇರುವ ಅಂಗಡಿಯಲ್ಲಿ 1000 ಯೂರೋವರೆಗಿನ ಹಣ ಬದಲಿಸಿದವರು ಮೂರು ಗಂಟೆಯೊಳಗೆ ಅದನ್ನು ರದ್ದು ಮಾಡಿ ತಮ್ಮ ಹಣ ವಾಪಸ್ ಕೇಳಬಹುದು. ರಸೀದಿ ಕೈಯಲ್ಲಿರಲಿ. ದರ ಕೆಟ್ಟದಾಗಿತ್ತು ಎಂದು ಹತ್ತು ಹೆಜ್ಜೆ ಹೋದ ಮೇಲೆ ಹೊಳೆದರೂ ಹಿಂದಿರುಗಿ. ಬೀದಿಯವನ ಬಳಿ ರಸೀದಿಯೂ ಇಲ್ಲ, ಅವನೂ ಸಿಗುವುದಿಲ್ಲ. ಅಂಗಡಿಯಲ್ಲೂ ಬೋರ್ಡಿನ ದೊಡ್ಡಕ್ಷರ ನಂಬದೆ, ಇಷ್ಟು ಯೂರೋ ಕೊಟ್ಟರೆ ನನ್ನ ಕೈಗೆ ಎಷ್ಟು ಕೊರುನಾ ಬರುತ್ತದೆ ಎಂದು ಮೊದಲೇ ಬರೆಸಿಕೊಳ್ಳಿ. ನಿಜ ಹೇಳಬೇಕೆಂದರೆ ಅಲ್ಲಿ ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ, ಅಷ್ಟು ನಗದು ನಮಗೆ ಬೇಕಾಗಿಯೇ ಇರಲಿಲ್ಲ. ಎಟಿಎಂ ಬಳಸುವುದಾದರೆ ಬ್ಯಾಂಕಿನದನ್ನೇ ಹುಡುಕಿ. ನಿಮ್ಮ ಊರಿನ ಹಣಕ್ಕೆ ಪರಿವರ್ತಿಸಲೇ ಎಂದು ಯಂತ್ರ ಕೇಳಿದರೆ ಬೇಡ ಎನ್ನಿ, ಅದರ ದರದಲ್ಲೂ ಹಣ ಸೋರುತ್ತದೆ. ಮಫ್ತಿಯಲ್ಲಿ ಬಂದ ಯಾರಾದರೂ ಪೊಲೀಸರೆಂದು ಹೇಳಿ ಪರ್ಸ್ ತೋರಿಸಿ ಎಂದರೆ ತೆಗೆಯಬೇಡಿ, 158ಕ್ಕೆ ಕರೆ ಮಾಡುತ್ತೇನೆ ಎನ್ನಿ.

ಮುಂದಿನ ತಿಂಗಳು ನನ್ನ ಚಿಕ್ಕಮ್ಮನ ಮಗಳು ಗೆಳತಿಯರ ಜೊತೆ ಅಲ್ಲಿಗೆ ಹೊರಟಿದ್ದಾಳೆ. ಕೊರುನಾದ ಎಲ್ಲ ನೋಟುಗಳ ಚಿತ್ರ, ಜೊತೆಗೆ ಆ ಐದರಲ್ಲಿ ನಾನು ಉಳಿಸಿಕೊಂಡಿರುವ ಒಂದು ನೀಲಿ ನೋಟಿನ ಚಿತ್ರವನ್ನು ಅವಳ ಮೊಬೈಲಿಗೆ ಕಳಿಸಿದ್ದೇನೆ.