ಮೇಪಲ್ ಎಲೆ ಗುಳ್ಳೆ, ನುಸಿಯ ಎರಡು ರೂಪ, ಮತ್ತೆ ನನ್ನ 15 ಡಾಲರ್ ಪಾಕೆಟ್ ಮೈಕ್ರೋಸ್ಕೋಪ್

ಇದನ್ನ ತಗೊಂಡು ಒಂದು ವರ್ಷದ ಮೇಲಾಯ್ತು. ತಕ್ಷಣ ರಿವ್ಯೂ ಬರೀಲಿಲ್ಲ, ಯಾಕಂದ್ರೆ ನಾನು ನೋಡ್ಬೇಕು ಅಂತಿದ್ದ ನುಸಿ, ಅಂದ್ರೆ ಮೇಪಲ್ ಎಲೇಲಿ ಗುಳ್ಳೆ ಎಬ್ಬಿಸೋ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳ, ಬೇಸಿಗೇಲಿ ಒಂದು ಥರ ಇದ್ರೆ ಚಳಿಗಾಲದಲ್ಲಿ ಇನ್ನೊಂದು ಥರ ಇರುತ್ತೆ, ಎರಡೂ ನೋಡದೆ ಈ ಮೈಕ್ರೋಸ್ಕೋಪ್ ಬಗ್ಗೆ ಏನು ಹೇಳಿದ್ರೂ ಅರ್ಧ ಆಗ್ತಿತ್ತು.

ಮಿಶಿಗನ್‌ನಲ್ಲಿ ನಮ್ಮನೆ ಹಿತ್ತಲಲ್ಲಿ ಒಂದು ದೊಡ್ಡ ಸಿಲ್ವರ್ ಮೇಪಲ್ ಮರ ಇದೆ. ಮೇ ತಿಂಗಳಲ್ಲಿ ಎಳೆ ಎಲೆ ಬಿಚ್ಕೊಂಡ ಕೆಲವೇ ದಿನಕ್ಕೆ ಮೇಲೆಲ್ಲಾ ಸಾಸಿವೆ ಕಾಳಿನಷ್ಟು ಗುಳ್ಳೆ ಏಳುತ್ತೆ, ಮೊದಲು ಹಸಿರು, ಆಮೇಲೆ ಕೆಂಪು, ಕೊನೆಗೆ ಕಪ್ಪು. ಗಾರ್ಡನ್ ಅಂಗಡೀಲಿ ಸ್ಪ್ರೇ ಬಾಟ್ಲಿ ಕೈಗೆ ಕೊಟ್ರು. ಒಂದು ನಿಮಿಷ ನಿಂತು ಯೋಚನೆ ಮಾಡಿ ವಾಪಸ್ ಇಟ್ಟು ಬಂದೆ. ನಾನು ತಿಪಟೂರು ಕಡೆಯವನು, ತೆಂಗಿಗೆ ನುಸಿ ಪೀಡೆ ಬಂದಾಗ ಅಪ್ಪ ಬೇರಿಗೆ ಪಾಕೀಟು ಕಟ್ಟಿ ಔಷಧಿ ಕುಡಿಸ್ತಿದ್ದಿದ್ದು, ಹರಳು (ಎಳೆ ಕಾಯಿ) ಉದುರಿ ಬಿದ್ದಿದ್ದು ಎಲ್ಲಾ ಕಣ್ಮುಂದೆ ಇದೆ, ಆದ್ರೆ ಆ ಹುಳ ಹೆಂಗಿದೆ ಅಂತ ನಮ್ಮಲ್ಲಿ ಯಾರೂ ನೋಡಿರ್ಲಿಲ್ಲ. ಈ ಸಲ ಮೊದಲು ನೋಡೋಣ ಅನ್ನಿಸ್ತು.

ಮೊದಲ ಪೀಸ್ ಬಂದಾಗ ಫೋಕಸ್ ಚಕ್ರ ತಿರುಗ್ತಾನೇ ಇರ್ಲಿಲ್ಲ, ಬದಲಾಯಿಸಿ ಕೊಡೋಕೆ ಮೂರು ವಾರ ತಗೊಂಡ್ರು. ಡಬ್ಬದ ಮೇಲೆ 60ರಿಂದ 120 ಪಟ್ಟು ಅಂತ ಬರೆದಿದೆ. 60ರಲ್ಲಿ ಚಿತ್ರ ಸ್ಪಷ್ಟ, 120ಕ್ಕೆ ತಂದ್ರೆ ಕೈ ಚೂರು ನಡುಗಿದ್ರೂ ಎಲ್ಲಾ ಮಸುಕು. ಅದಕ್ಕೇ ಮೊಬೈಲ್ ಕ್ಲಿಪ್ ಇರೋದನ್ನೇ ತಗೊಳ್ಳಿ, ಮೇಜಿನ ಮೇಲೆ ಎರಡು ಪುಸ್ತಕದ ಮಧ್ಯ ನಿಲ್ಸಿದ್ರೆ ಅಲ್ಲಾಡಲ್ಲ. ಲೈಟು ಚೆನ್ನಾಗಿದೆ.

ಜೂನಲ್ಲಿ ಒಂದು ಕೆಂಪು ಗುಳ್ಳೆ ತಗೊಂಡು ಬ್ಲೇಡಲ್ಲಿ ಉದ್ದುದ್ದ ಸೀಳಿದೆ. ಒಳಗೆ ಮೊದಲು ಹೊಳೆಯೋ ಗೋಡೆ ಬಿಟ್ರೆ ಏನೂ ಕಾಣಲಿಲ್ಲ, ಫೋಕಸ್ ಒಂದೆಳೆ ಸರಿಸಿದ ತಕ್ಷಣ ಕ್ಯಾರೆಟ್ ಆಕಾರದ ಹುಳಗಳು ನಿಧಾನಕ್ಕೆ ತೆವಳ್ತಾ ಇದ್ವು, ಪಕ್ಕದಲ್ಲಿ ಗಾಜಿನ ಮಣಿ ಥರ ಮೊಟ್ಟೆ. ಒಂದೊಂದೂ ಸುಮಾರು 0.2 ಮಿಲಿಮೀಟರ್ ಉದ್ದ. ಬೇರೆ ನುಸಿಗಳಿಗೆ ಎಂಟು ಕಾಲಾದ್ರೆ ಈ ಗುಂಪಿಗೆ ತಲೆ ಹತ್ರ ನಾಲ್ಕೇ ಕಾಲು. ಈ ಮೇಪಲ್ ನುಸಿ ಹೆಸರೇ ವಸಾಟಿಸ್ ಕ್ವಾಡ್ರಿಪೆಡಿಸ್, ನಾಲ್ಕು ಕಾಲಿಂದು ಅಂತಲೇ ಅರ್ಥ. ಗುಳ್ಳೆ ಬಾಯಿ ಎಲೆ ಕೆಳಗಡೆ ಇರುತ್ತೆ, ಮೇಲಿಂದ ಔಷಧಿ ಸುರಿದ್ರೆ ಒಳಗೆ ಕೂತಿರೋರಿಗೆ ಮುಟ್ಟೋದೇ ಇಲ್ಲ. ಮರಕ್ಕೂ ಇದರಿಂದ ಅಂಥ ನಷ್ಟ ಏನಿಲ್ಲ.

ನಿಜವಾದ ವಿಷ್ಯ ಚಳಿಗಾಲದ್ದು. ಅಕ್ಟೋಬರಲ್ಲಿ ಗುಳ್ಳೆ ಸೀಳಿದ್ರೆ ಖಾಲಿ. ಫೆಬ್ರವರೀಲಿ ಒಂದು ಕಡ್ಡಿ ಮುರ್ಕೊಂಡು ಬಂದು ಮೊಗ್ಗಿನ ಹೊರ ಸಿಪ್ಪೆನ ಸೂಜೀಲಿ ಎಬ್ಬಿಸಿದೆ, ಸಂದೀಲಿ ಒಂದರ ಪಕ್ಕ ಒಂದು ಒತ್ಕೊಂಡು ಏಳೆಂಟು ಕೂತಿದ್ವು, ಅಲ್ಲಾಡದೆ. ರೂಮಿನ ಬಿಸಿಗೆ ಹತ್ತು ನಿಮಿಷ ಬಿಟ್ಮೇಲೆ ಒಂದು ಕಾಲು ಆಡಿಸ್ತು. ಇವೆಲ್ಲಾ ಹೆಣ್ಣೇ. ಬೇಸಿಗೆ ಹೆಣ್ಣಿಗೆ ಪ್ರೋಟೋಗೈನ್ ಅಂತಾರೆ, ನೋಡೋಕೆ ಗಂಡಿನ ಥರಾನೇ ಇರುತ್ತೆ. ಚಳಿಗಾಲದ್ದಕ್ಕೆ ಡ್ಯೂಟೋಗೈನ್ ಅಂತ ಹೆಸರು, ಈ ರೂಪದಲ್ಲಿ ಗಂಡೇ ಇಲ್ಲ. ಎಲೆ ಬಲಿತು ಹಗಲು ಗಿಡ್ಡ ಆಗ್ತಾ ಬಂದಾಗ ಹುಟ್ಟೋ ಈ ಹೆಣ್ಣು ತೊಗಟೆ ಬಿರುಕು, ಮೊಗ್ಗಿನ ಸಂದಿ ಸೇರ್ಕೊಳ್ಳುತ್ತೆ. ಗಂಡು ಎಲೆ ಮೇಲೆ ಬಿಟ್ಟು ಹೋದ ವೀರ್ಯದ ಗಂಟನ್ನ ಮೊದಲೇ ಮೈಯೊಳಗೆ ತಗೊಂಡಿರುತ್ತೆ, ಆದ್ರೂ ಚಳಿ ಕಳೆದು ಹೊಸ ಎಲೆ ತಿನ್ನೋ ತನಕ ಮೊಟ್ಟೆ ಇಡಲ್ಲ. ಮೇ ತಿಂಗಳಲ್ಲಿ ಗುಳ್ಳೆ ಶುರು ಮಾಡೋದು ಇದೇ.

ಮೈ ವ್ಯತ್ಯಾಸ ಮಾತ್ರ ಈ 15 ಡಾಲರಿನ ಸಾಮಾನಿಂದ ಪೂರ್ತಿ ಕಾಣಲ್ಲ, ಇದನ್ನ ಗ್ಯಾಪ್ಕ ಇಟ್ಕೊಂಡು ತಗೊಳ್ಳಿ. ಎರಡೂ ಕಾಲದ ಹುಳನ ಸ್ನೇಹಿತರೊಬ್ರ ಲ್ಯಾಬಲ್ಲಿ 1000 ಪಟ್ಟಿಗೆ ಇಟ್ಟು ನೋಡಿದಾಗಲೇ ಗೊತ್ತಾಗಿದ್ದು. ಬೇಸಿಗೇದರ ಮೈಮೇಲಿನ ಉಂಗುರ ಉಂಗುರಕ್ಕೂ ಸಾಲಾಗಿ ಸಣ್ಣ ಸಣ್ಣ ಗುಬುಟು, ಪೋಣಿಸಿಟ್ಟಂಗೆ. ಚಳಿಗಾಲದ್ದು ಬೆನ್ನ ಮೇಲೆ ಹೆಚ್ಚುಕಮ್ಮಿ ನುಣ್ಣಗೆ, ಗುಬುಟು ಅಳಿಸಿ ಹೋದಂಗೆ. ಈ ಥರ ಎರಡು ರೂಪ ಇರೋ ನುಸಿಗಳನ್ನ ಹಿಂದೆ ಎರಡು ಬೇರೆ ಜಾತಿ ಅಂದ್ಕೊಂಡು ಬೇರೆ ಬೇರೆ ಹೆಸರೇ ಕೊಟ್ಟಿದ್ದೂ ಇದೆ, ನೋಡಿದ್ಮೇಲೆ ಅದ್ರಲ್ಲಿ ಆಶ್ಚರ್ಯ ಅನ್ನಿಸ್ಲಿಲ್ಲ. ಕ್ಯಾಲಿಫೋರ್ನಿಯಾದ ನುಸಿ ತಜ್ಞ ಕೀಫರ್ 1940ರ ದಶಕದಲ್ಲಿ ಬಕೈ (buckeye) ಅನ್ನೋ ಮರದ ನುಸಿ ಇಟ್ಕೊಂಡು ಎರಡೂ ಒಂದೇ ಅಂತ ಬಿಡಿಸಿ ತೋರಿಸಿದ್ರು. ನಮ್ಮ ತೆಂಗಿನ ನುಸಿಗೆ 1965ರಲ್ಲಿ ಹೆಸರಿಟ್ಟಿದ್ದೂ ಅವರೇ, ಮೆಕ್ಸಿಕೋದ ಗೆರೆರೋ ರಾಜ್ಯದಿಂದ ಬಂದ ಮಾದರಿಗೆ. ಇದು ಗೊತ್ತಾದ ದಿನ ರಾತ್ರಿ ಅಪ್ಪಂಗೆ ಫೋನ್ ಮಾಡಿ ಹೇಳಿದ್ದೆ. ಎರಡು ರೂಪದ ವೇಷ ಹೆಚ್ಚಾಗಿ ಎಲೆ ಉದುರಿಸೋ ಮರದ ನುಸಿಗಳದ್ದು, ತೆಂಗಲ್ಲಿ ವರ್ಷ ಪೂರ್ತಿ ಹೊಂಬಾಳೆ ಬರ್ತಾನೇ ಇರುತ್ತೆ, ಅಲ್ಲಿ ಮೊಗ್ಗಿನ ಸಂದೀಲಿ ಕಾಯ್ಕೊಂಡು ಕೂರೋ ಚಳಿಗಾಲ ಎಲ್ಲಿದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. 120ರ ಮಾತು ನಂಬ್ಕೊಂಡು ತಗೋಬೇಡಿ, 60ಕ್ಕೆ ಅಂತ ತಗೊಳ್ಳಿ. ಬಟನ್ ಸೆಲ್ ಒಂದು ಜೊತೆ ಎಕ್ಸ್‌ಟ್ರಾ ಇಟ್ಕೊಳ್ಳಿ, ಚಳೀಲಿ ಹೊರಗೆ ಹಿಡಿದ್ರೆ ಬೇಗ ಇಳಿಯುತ್ತೆ.

ಹೋದ ಸಲ ಊರಿಗೆ ಹೋದಾಗ ಇದನ್ನ ಜೊತೇಲಿ ಒಯ್ದಿದ್ದೆ. ಅಪ್ಪ ಒಂದು ಎಳೆ ಕಾಯಿಯ ತೊಟ್ಟಿನ ಸಿಪ್ಪೆ ಬಿಡಿಸಿ, ಕಂದು ಕಲೆ ಅಂಚಿಗೆ ಹಿಡಿದು, ಕನ್ನಡಕ ತೆಗೆದು ಬಗ್ಗಿ ತುಂಬಾ ಹೊತ್ತು ನೋಡ್ತಾನೇ ಇದ್ರು. "ಇಷ್ಟು ವರ್ಷ ಔಷಧಿ ಕುಡ್ಸಿದ್ದೀನಲ್ಲೋ, ಇವುನ್ನ ನೋಡಿದ್ದು ಇವತ್ತೇ ಕಣೋ" ಅಂದ್ರು. ಅಲ್ಲೇ ಬಿಟ್ಟು ಬಂದೆ. ಇಲ್ಲಿಗೆ ಅದೇ ಮಾಡೆಲ್ ಇನ್ನೊಂದು ಆರ್ಡರ್ ಹಾಕಿದ್ದೀನಿ, ಮೇ ಒಳಗೆ ಬರ್ಬೇಕು.